ಬೆಳಕುಣ್ಣದ ಹವಳಗಳ ತೊಟ್ಟಿ: ಉಣಿಸುವ ಏರ್ಪಾಡು, ಹೊರಹಾಕುವ ಏರ್ಪಾಡು

ಹವಳದ ತೊಟ್ಟಿ ಇಟ್ಟವರು ದೀಪಕ್ಕೆ ಕೊಡುವಷ್ಟು ಗಮನವನ್ನು ತಿನಿಸಿಗೆ ಕೊಡುವುದಿಲ್ಲ. ಕೊಡಬೇಕಾದ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ. ನಾವು ಸಾಕುವ ಹೆಚ್ಚಿನ ಹವಳಗಳ ಮೈಯೊಳಗೆ ಝೂಕ್ಸಾಂಥೆಲೆ ಎಂಬ ಏಕಕೋಶ ಪಾಚಿ ನೆಲೆಸಿದ್ದು, ಅದು ಬೆಳಕಿನಿಂದ ತಯಾರಿಸುವ ಆಹಾರದ ದೊಡ್ಡ ಪಾಲು ಹವಳಕ್ಕೇ ಸೇರುತ್ತದೆ. ಟ್ಯುಬಾಸ್ಟ್ರಿಯಾ, ಡೆಂಡ್ರೊಫಿಲಿಯಾ ಎಂಬ ಹವಳಗಳಿಗೂ, ಡಯೊಡೊಗಾರ್ಜಿಯಾ, ಮೆನೆಲ್ಲಾ ಮೊದಲಾದ ಗಾರ್ಗೋನಿಯನ್‌ಗಳಿಗೂ (ಕೊಂಬೆಕೊಂಬೆಯಾಗಿ ಬೆಳೆಯುವ ಹವಳಗಳು) ಈ ಅನುಕೂಲವಿಲ್ಲ. ತೇಲಿಬಂದದ್ದನ್ನು ಹಿಡಿದು ತಿಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಇವುಗಳನ್ನು ಸಾಕುವುದೆಂದರೆ ಒಂದು ಕಡೆ ದಿನವೂ ಧಾರಾಳವಾಗಿ ಉಣಿಸುವುದು, ಇನ್ನೊಂದು ಕಡೆ ಆ ಉಣಿಸಿನಿಂದ ಹುಟ್ಟುವ ನೈಟ್ರೇಟ್ ಮತ್ತು ಫಾಸ್ಫೇಟನ್ನು ಅಷ್ಟೇ ಧಾರಾಳವಾಗಿ ಹೊರಹಾಕುವುದು. ತಿನಿಸನ್ನು ಕಡಿಮೆ ಮಾಡಿ ನೀರನ್ನು ಸ್ವಚ್ಛವಾಗಿಡುವ ಎಂದಿನ ಉಪಾಯ ಇಲ್ಲಿ ನಡೆಯುವುದಿಲ್ಲ. ನೀರು ತಿಳಿಯಾಗಿರುತ್ತದೆ, ಹವಳ ಮಾತ್ರ ಹೊಟ್ಟೆಗಿಲ್ಲದೆ ಸೊರಗುತ್ತದೆ.

ಈಗಾಗಲೇ ನಡೆಯುತ್ತಿದ್ದ ಹವಳದ ತೊಟ್ಟಿಯೊಂದಕ್ಕೆ ಇಂಥ ಹವಳಗಳಿಗಾಗಿ ಚಿಕ್ಕದೊಂದು ತೊಟ್ಟಿಯನ್ನು ಜೋಡಿಸಿದ ಕೆಲಸದ ವಿವರ ಇದು. ಬಂಡೆಗಳು ಹಿಡಿದಿರುವ ಜಾಗವನ್ನು ಕಳೆದರೆ ಮುಖ್ಯ ತೊಟ್ಟಿಯಲ್ಲಿ 250 ಲೀಟರ್, ನೀರು ಶುದ್ಧಿಗಾಗಿ ಕೆಳಗೆ ಇಟ್ಟ ತೊಟ್ಟಿಯಾದ ಸಂಪಿನಲ್ಲಿ 80 ಲೀಟರ್, ಹೊಸ ತೊಟ್ಟಿಯಲ್ಲಿ 70 ಲೀಟರ್ ನೀರಿದ್ದು, ಮೂರೂ ಸೇರಿ 400 ಲೀಟರ್ ಒಂದೇ ನೀರಾಗಿ ಸುತ್ತುತ್ತದೆ.

ಹೊಸ ತೊಟ್ಟಿಯನ್ನು ಪ್ರತ್ಯೇಕವಾಗಿಯೇ ಇಡಬಹುದಿತ್ತು. 70 ಲೀಟರ್ ನೀರಿಗೆ ಬೀಳುವ ತಿನಿಸು 400 ಲೀಟರ್‌ಗೆ ಹಂಚಿಹೋದರೆ ಏರಿಳಿತದ ಪೆಟ್ಟು ತಗ್ಗುತ್ತದೆ, ಕೊಳೆಯನ್ನು ನೊರೆಯಾಗಿ ಎತ್ತಿಹಾಕುವ ಸ್ಕಿಮ್ಮರ್ ಮತ್ತು ಪಾಚಿಯ ಕೋಣೆ ಮೊದಲೇ ಇವೆ, ಬೆಳಕುಣ್ಣುವ ಹವಳಗಳೂ ಸ್ವಲ್ಪ ಸಾರಜನಕವನ್ನು ಬಳಸಿಕೊಳ್ಳುತ್ತವೆ ಎಂಬ ಕಾರಣಗಳಿಂದ ಜೋಡಿಸುವುದನ್ನೇ ಆಯ್ದುಕೊಂಡೆ. ಇದರಿಂದ ಬರುವ ತೊಡಕೂ ಸಣ್ಣದಲ್ಲ. ಟ್ಯುಬಾಸ್ಟ್ರಿಯಾ ನೈಟ್ರೇಟ್ 30 ಪಿಪಿಎಂ (ಲೀಟರಿಗೆ 30 ಮಿಲಿಗ್ರಾಂ) ಇದ್ದರೂ ತಿನ್ನುತ್ತ ಬಾಳಬಲ್ಲದು, ಆದರೆ ಅದೇ ನೀರಿನಲ್ಲಿರುವ ಅಕ್ರೊಪೊರಾದಂಥ ಗಟ್ಟಿ ಹವಳಗಳು ಫಾಸ್ಫೇಟ್ ಹೆಚ್ಚಾದರೆ ಅಸ್ಥಿ ಕಟ್ಟುವುದನ್ನು ನಿಧಾನಿಸುತ್ತವೆ. ಗ್ರೇಟ್ ಬ್ಯಾರಿಯರ್ ರೀಫಿನ ಒನ್ ಟ್ರೀ ದ್ವೀಪದಲ್ಲಿ ಕಿನ್ಸಿ ಮತ್ತು ಡೇವಿಸ್ ನಡೆಸಿ 1979ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾರಜನಕದ ಜೊತೆಗೆ ಸುಮಾರು 0.19 ಪಿಪಿಎಂಗೆ ಸಮನಾದ ಫಾಸ್ಫೇಟ್ ಸೇರಿಸಿದಾಗ ಹವಳದಿಬ್ಬದ ಸುಣ್ಣ ಕಟ್ಟುವಿಕೆ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ಹಾಗೆಂದು ಫಾಸ್ಫೇಟನ್ನು ಸೊನ್ನೆಗೆ ಇಳಿಸುವುದೂ ಸರಿಯಲ್ಲ. ನೈಟ್ರೇಟ್ ಹೆಚ್ಚಿದ್ದು ಫಾಸ್ಫೇಟ್ ಬತ್ತಿದರೆ ಹವಳಗಳು ಬಿಸಿ ಮತ್ತು ಬೆಳಕಿನ ಒತ್ತಡಕ್ಕೆ ಬೇಗ ಬಿಳಿಚಿಕೊಳ್ಳುತ್ತವೆಂದು ವೀಡನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದಾರೆ. ಇವೆರಡರ ನಡುವೆ ನೈಟ್ರೇಟಿಗೆ 5ರಿಂದ 10 ಪಿಪಿಎಂ, ಫಾಸ್ಫೇಟಿಗೆ 0.05ರಿಂದ 0.10 ಪಿಪಿಎಂ ಎಂದು ಗುರಿ ಇಟ್ಟುಕೊಂಡೆ.

ಮೊದಲು ಕಾಗದದ ಮೇಲಿನ ಲೆಕ್ಕ

ಉಪಕರಣ ಕೊಳ್ಳುವ ಮುನ್ನ ತಿನಿಸಿನ ಲೆಕ್ಕ ಹಾಕುವುದು ಒಳ್ಳೆಯದು, ಏಕೆಂದರೆ ಈ ಲೆಕ್ಕವನ್ನು ನೋಡಿದವರು ನೀರು ಬದಲಾವಣೆಯನ್ನೇ ನಂಬಿ ಕೂರುವುದಿಲ್ಲ. ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ), ಸೈಕ್ಲಾಪ್ಸ್ (ಅದಕ್ಕಿಂತಲೂ ಸಣ್ಣದು), ಮೀನಿನ ಮೊಟ್ಟೆ ಎಲ್ಲ ಸೇರಿ ದಿನಕ್ಕೆ 20 ಗ್ರಾಂ ಹೆಪ್ಪುಗಟ್ಟಿಸಿದ ತಿನಿಸು ಹಾಕುತ್ತೇವೆಂದುಕೊಳ್ಳೋಣ. ಅದರಲ್ಲಿ ಶೇಕಡಾ 85ರಷ್ಟು ನೀರೇ ಆದ್ದರಿಂದ ಒಣಪದಾರ್ಥ 3 ಗ್ರಾಂ. ಅದರ ಶೇಕಡಾ 60 ಪ್ರೋಟೀನ್, ಪ್ರೋಟೀನಿನ ಶೇಕಡಾ 16 ಸಾರಜನಕ ಎಂದು ಹಿಡಿದರೆ 0.288 ಗ್ರಾಂ ಸಾರಜನಕ ಸಿಗುತ್ತದೆ. ಇದೆಲ್ಲವೂ ಕೊಳೆತು ನೈಟ್ರೇಟ್ ಆದರೆ 4.43ರಿಂದ ಗುಣಿಸಬೇಕು, 1.28 ಗ್ರಾಂ, ಅಂದರೆ 400 ಲೀಟರಿಗೆ ದಿನಕ್ಕೆ 3.2 ಪಿಪಿಎಂ. ರಂಜಕವನ್ನು ಒಣತೂಕದ ಶೇಕಡಾ 1 ಎಂದು ಹಿಡಿದರೆ 30 ಮಿಲಿಗ್ರಾಂ ರಂಜಕ, ಅದು 92 ಮಿಲಿಗ್ರಾಂ ಫಾಸ್ಫೇಟ್, ಅಂದರೆ ದಿನಕ್ಕೆ 0.23 ಪಿಪಿಎಂ. ಗುರಿಯ ಮೇಲಿನ ಅಂಚಿಗಿಂತ ಎರಡು ಪಟ್ಟು ಹೆಚ್ಚು ಫಾಸ್ಫೇಟ್ ಒಂದೇ ದಿನದ ಊಟದಲ್ಲಿದೆ.

ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಿಸುತ್ತೇವೆ, ಬೇರೇನೂ ಮಾಡುವುದಿಲ್ಲ ಎಂದಾದರೆ, ವಾರದಲ್ಲಿ ಸೇರುವ ಮೊತ್ತದ ಹತ್ತು ಪಟ್ಟಿಗೆ ಹೋಗಿ ಮಟ್ಟ ನಿಲ್ಲುತ್ತದೆ. ವಾರಕ್ಕೆ 22 ಪಿಪಿಎಂ ನೈಟ್ರೇಟ್ ಸೇರಿದರೆ ಅದು ನಿಲ್ಲುವುದು 220ರ ಆಸುಪಾಸಿನಲ್ಲಿ. ನಿಜವಾದ ತೊಟ್ಟಿಯಲ್ಲಿ ಒಂದು ಪಾಲು ಹವಳದ ಮೈಗೆ ಸೇರುತ್ತದೆ, ಒಂದು ಪಾಲು ಸ್ಕಿಮ್ಮರಿನ ಬಟ್ಟಲಿಗೆ ಹೋಗುತ್ತದೆ, ಆದ್ದರಿಂದ ಅಂಕಿ ಇಷ್ಟು ಭೀಕರವಾಗುವುದಿಲ್ಲ. ಆದರೂ ನೀರು ಬದಲಾವಣೆಯ ಪಾತ್ರ ಎಷ್ಟು ಕಿರಿದು ಎನ್ನುವುದು ಇದರಿಂದ ತಿಳಿಯುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ಅಂಶವಿದೆ, ಅದೇ ಮುಂದಿನ ಎಲ್ಲ ತೀರ್ಮಾನಗಳಿಗೂ ಆಧಾರವಾಯಿತು. ತಿನಿಸಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ತೂಕದಲ್ಲಿ ಸುಮಾರು 14ಕ್ಕೆ 1ರಂತೆ ಬರುತ್ತವೆ. ಕಡಲ ತಳದ ದೊಡ್ಡ ಪಾಚಿಗಳ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕಗಳ ಪರಮಾಣುಗಳು 550:30:1ರ ಪ್ರಮಾಣದಲ್ಲಿವೆ ಎಂದು ಅಟ್ಕಿನ್ಸನ್ ಮತ್ತು ಸ್ಮಿತ್ 1983ರಲ್ಲಿ ಲೆಕ್ಕ ಕೊಟ್ಟಿದ್ದರು; ಅದನ್ನು ತೂಕಕ್ಕೆ ತಿರುಗಿಸಿದರೆ ಪಾಚಿ ಒಂದು ಪಾಲು ಫಾಸ್ಫೇಟಿಗೆ ಹೆಚ್ಚುಕಡಿಮೆ 20 ಪಾಲು ನೈಟ್ರೇಟನ್ನು ಎಳೆದುಕೊಳ್ಳುತ್ತದೆ. ಸಾಲದ್ದಕ್ಕೆ, ಬಂಡೆಯ ಒಳಗಿನ ಆಮ್ಲಜನಕವಿಲ್ಲದ ಸಂದುಗಳಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಅನಿಲವಾಗಿ ಹಾರಿಹೋಗುವ ದಾರಿಯಿಲ್ಲ. ಅದು ಘನರೂಪದಲ್ಲಿಯೋ ನೀರಿನಲ್ಲಿಯೋ ಯಾರಾದರೂ ಎತ್ತಿ ಹೊರಗೆ ಹಾಕುವವರೆಗೂ ತೊಟ್ಟಿಯಲ್ಲೇ ಇರುತ್ತದೆ. ಹೀಗಾಗಿ ಇಂಥ ತೊಟ್ಟಿಯಲ್ಲಿ ನೈಟ್ರೇಟ್ ಹೇಗೋ ಹತೋಟಿಗೆ ಬಂದ ಮೇಲೂ ಫಾಸ್ಫೇಟ್ ಹಿಂದೆ ಉಳಿಯುವುದು ಸಹಜ, ಮತ್ತು ತಿಂದು ಉಳಿದದ್ದನ್ನು ಅದು ಕರಗುವ ಮುನ್ನವೇ ಹೊರಗೆ ತೆಗೆಯುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ತೊಟ್ಟಿಯ ಕಟ್ಟುವಿಕೆ

60 ಸೆಂ.ಮೀ. ಉದ್ದ, 36 ಅಗಲ, 32 ನೀರಿನ ಎತ್ತರದ ಸಾಮಾನ್ಯ ಗಾಜಿನ ತೊಟ್ಟಿಯನ್ನೇ ತೆಗೆದುಕೊಂಡೆ. ಚೌಕ ತೊಟ್ಟಿಯ ಕೆಳಮೂಲೆಗಳಲ್ಲಿ ನೀರು ನಿಂತು ತಿನಿಸು ಗುಡ್ಡೆಯಾಗುತ್ತದೆ. ಜೆಲ್ಲಿ ಮೀನುಗಳಿಗೆ ಮಾಡುವ ಗುಂಡಗಿನ ತೊಟ್ಟಿಯಲ್ಲಿ ಹಾಗಾಗುವುದಿಲ್ಲ. ಪೂರ್ತಿ ಗುಂಡಗೆ ಮಾಡುವ ಬದಲು ಎಡ ಮತ್ತು ಬಲದ ಕೆಳಮೂಲೆಗಳಿಗೆ 2 ಮಿ.ಮೀ. ದಪ್ಪದ ಅಕ್ರಿಲಿಕ್ ಹಾಳೆಗಳನ್ನು ಬಾಗಿಸಿ ಕೂರಿಸಿದೆ. ಸಿಲಿಕೋನ್ ಅಂಟು ಗಾಜನ್ನು ಹಿಡಿದಷ್ಟು ಗಟ್ಟಿಯಾಗಿ ಅಕ್ರಿಲಿಕ್ಕನ್ನು ಹಿಡಿಯುವುದಿಲ್ಲ, ಆದ್ದರಿಂದ ಹಾಳೆಯನ್ನು ಅಂಟಿಸಲಿಲ್ಲ. ತಳದ ಗಾಜಿನ ಮೇಲೂ ಪಕ್ಕದ ಗಾಜಿನ ಮೇಲೂ ತೆಳುವಾದ ಗಾಜಿನ ಪಟ್ಟಿಗಳನ್ನು ಸಿಲಿಕೋನಿನಿಂದ ಕೂರಿಸಿ, ಅವುಗಳ ನಡುವೆ ಹಾಳೆ ತನ್ನ ಬಿಗುವಿನಿಂದಲೇ ನಿಲ್ಲುವಂತೆ ಮಾಡಿದೆ. ಬೇಕಾದಾಗ ಹಾಳೆಯನ್ನು ಒತ್ತಿ ತೆಗೆದು ಹಿಂಬದಿಯನ್ನು ತೊಳೆಯಬಹುದು.

ಬಲಗಡೆಯ ಹಾಳೆಯ ಹಿಂದೆ ಉಳಿದ ಪೊಳ್ಳು ಜಾಗಕ್ಕೆ ಸಂಪಿನಿಂದ ಬರುವ ಕೊಳವೆಯನ್ನು ಇಳಿಸಿದೆ. ಹಾಳೆಯ ಕೆಳ ಅಂಚಿನಲ್ಲಿ 3 ಮಿ.ಮೀ.ನ ಉದ್ದನೆಯ ಸೀಳು ಬಿಟ್ಟಿರುವುದರಿಂದ ನೀರು ಅಲ್ಲಿಂದ ತೆಳುವಾದ ಪರದೆಯಾಗಿ ತಳವನ್ನು ಸವರಿಕೊಂಡು ಎಡಗಡೆಯ ಬಾಗಿಗೆ ಹೋಗುತ್ತದೆ, ಅಲ್ಲಿಂದ ಮೇಲಕ್ಕೆ ಏರಿ ಮತ್ತೆ ಬಲಕ್ಕೆ ತಿರುಗುತ್ತದೆ. ಇದೇ ಸುತ್ತಿಗೆ ಬಲ ಕೊಡಲು ಮೇಲ್ಭಾಗದಲ್ಲಿ ಒಂದು ಚಿಕ್ಕ ಪ್ರವಾಹದ ಪಂಪ್ ಇದೆ. ಮರಳು ಹಾಕಿಲ್ಲ. ಹವಳಗಳೆಲ್ಲ ಮಧ್ಯದಲ್ಲಿ ನಿಲ್ಲಿಸಿದ ಒಂದೇ ಬಂಡೆಯ ಕಂಬದ ಮೇಲೆ ಮತ್ತು ಅದರ ಚಾಚಿನ ಕೆಳಗೆ ಇವೆ, ಸುತ್ತಲೂ ನೀರು ತಿರುಗಲು ಜಾಗವಿದೆ. ದೀಪ ನೋಡುವ ನಮಗಾಗಿ ಮಾತ್ರ, ಅದೂ ಮಂದವಾದದ್ದು. ಬೆಳಕು ಕಡಿಮೆಯಿದ್ದಷ್ಟೂ ಹವಳದ ಬರಿ ಅಸ್ಥಿಯ ಮೇಲೆ ಪಾಚಿ ಹತ್ತುವುದು ಕಡಿಮೆ.

ಕೊಳವೆಯ ಬಾಯಿ ತೊಟ್ಟಿಯ ತಳದಲ್ಲಿರುವಾಗ ಒಂದು ಅಪಾಯವಿದೆ. ಪಂಪ್ ನಿಂತ ಕೂಡಲೇ ಅದೇ ಕೊಳವೆ ಸೈಫನ್ ಆಗಿ ತೊಟ್ಟಿಯ ನೀರನ್ನೆಲ್ಲ ಸಂಪಿಗೆ ಇಳಿಸಬಲ್ಲದು. ಏಕಮುಖ ಕವಾಟವನ್ನು ನಂಬುವಂತಿಲ್ಲ. ಸುಣ್ಣದ ಕೊಳವೆ ಕಟ್ಟುವ ಸಣ್ಣ ಹುಳುಗಳು ಅದರ ತುಟಿಯ ಮೇಲೆ ನೆಲೆಸಿದರೆ ಅದು ಪೂರ್ತಿ ಮುಚ್ಚುವುದಿಲ್ಲ. ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಕೊಳವೆಗೆ 4 ಮಿ.ಮೀ.ನ ಎರಡು ತೂತುಗಳನ್ನು ಕೊರೆದಿದ್ದೇನೆ, ಮಟ್ಟ ಅಲ್ಲಿಗೆ ಇಳಿದಾಗ ಗಾಳಿ ಒಳಹೊಕ್ಕು ಸೈಫನ್ ಮುರಿಯುತ್ತದೆ. ಎರಡು ಏಕೆಂದರೆ ಒಂದು ಪಾಚಿಯಿಂದ ಮುಚ್ಚಿಹೋದರೂ ಇನ್ನೊಂದು ಕೆಲಸ ಮಾಡಲಿ ಎಂದು. ಅಷ್ಟು ಇಳಿದ ನೀರು ಹಿಡಿಯುವಷ್ಟು ಖಾಲಿ ಜಾಗ ಸಂಪಿನಲ್ಲಿ ಸದಾ ಇರುವಂತೆ ಮಟ್ಟವನ್ನು ಗುರುತು ಮಾಡಿದ್ದೇನೆ.

ಇಷ್ಟು ಜಾಗ್ರತೆ ಬೇಕಾದದ್ದು ಏಕೆಂದರೆ ಇಲ್ಲಿ ಪಂಪ್ ದಿನಕ್ಕೆ ಹಲವು ಬಾರಿ ಬೇಕೆಂದೇ ನಿಲ್ಲುತ್ತದೆ. ಉಣಿಸುವ ಹೊತ್ತಿನಲ್ಲಿ ಸಂಪಿನ ಸಂಪರ್ಕ ಕಡಿದು, ಒಳಗಿನ ಪ್ರವಾಹದ ಪಂಪ್ ಮಾತ್ರ ನಡೆಯುತ್ತದೆ. ತಿನಿಸು 70 ಲೀಟರಿನೊಳಗೇ ಸುತ್ತುತ್ತಿರುವುದರಿಂದ ಹವಳದ ಬಾಯಿಯ ಮುಂದೆ ಅದೇ ತುಣುಕು ಮತ್ತೆ ಮತ್ತೆ ಹಾಯುತ್ತದೆ, ಮುಖ್ಯ ತೊಟ್ಟಿಯ ಸ್ಕಿಮ್ಮರನ್ನು ನಿಲ್ಲಿಸುವ ಅಗತ್ಯವೂ ಇಲ್ಲ. ಅವಧಿ ಮುಗಿದ ಮೇಲೆ ಪಂಪ್ ಹೊರಟಾಗ, ತುಂಬಿ ಹೊರಬೀಳುವ ನೀರು 200 ಮೈಕ್ರಾನಿನ ಸೋಸುಚೀಲದ ಮೂಲಕ ಸಂಪಿಗೆ ಬೀಳುತ್ತದೆ. ಚೀಲವನ್ನು ದಿನವೂ ಬದಲಿಸಲೇಬೇಕು. ಎರಡು ದಿನ ಬಿಟ್ಟರೆ ಅದರಲ್ಲಿ ಸಿಕ್ಕಿದ್ದೆಲ್ಲ ಅಲ್ಲಿಯೇ ಕೊಳೆತು ಕರಗಿ ನೀರಿಗೆ ಸೇರುವುದರಿಂದ, ಚೀಲ ಇದ್ದೂ ಇಲ್ಲದಂತೆ. ಸೋಸುಚೀಲ ಪ್ಲಾಂಕ್ಟನ್ನನ್ನು, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು, ಕದಿಯುತ್ತದೆ, ಆದ್ದರಿಂದ ಇಂಥ ತೊಟ್ಟಿಗೆ ಅದು ಬೇಡ ಎನ್ನುವವರಿದ್ದಾರೆ. ಉಣಿಸುವ ಹೊತ್ತಿನಲ್ಲಿ ಚೀಲಕ್ಕೆ ನೀರೇ ಹೋಗದಂತೆ ಮಾಡಿದ ಮೇಲೆ ಆ ಆಕ್ಷೇಪಕ್ಕೆ ಬೆಲೆಯಿಲ್ಲವೆಂದು ನನ್ನ ಅಭಿಪ್ರಾಯ.

ಮುಚ್ಚಿದ ಅವಧಿಯಲ್ಲಿ ಆಮ್ಲಜನಕದ ಕಡೆ ಗಮನವಿರಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಡಲ ನೀರು ಹೆಚ್ಚೆಂದರೆ ಲೀಟರಿಗೆ 6.8 ಮಿಲಿಗ್ರಾಂನಷ್ಟು ಆಮ್ಲಜನಕವನ್ನು ಹಿಡಿಯುತ್ತದೆ, ತಿನಿಸಿನಿಂದ ದಪ್ಪಗಾದ ನೀರಿನಲ್ಲಿ ಅದು ಬೇಗ ಖರ್ಚಾಗುತ್ತದೆ. ಪ್ರವಾಹದ ಪಂಪ್ ನೀರಿನ ಮೇಲ್ಮೈಯನ್ನು ಕಲಕುವಂತೆ ತುಸು ಮೇಲಕ್ಕೆ ತಿರುಗಿಸಿಟ್ಟಿದ್ದೇನೆ, ಉಷ್ಣತೆಯನ್ನು 24 ಡಿಗ್ರಿಯಲ್ಲಿ ಇಟ್ಟಿದ್ದೇನೆ.

ತಣ್ಣಗಿನ ಉಣಿಸು ಪೆಟ್ಟಿಗೆ

ದೊಡ್ಡ ಬಾಯಿಯ ಟ್ಯುಬಾಸ್ಟ್ರಿಯಾಕ್ಕೆ ದಿನಕ್ಕೊಮ್ಮೆ ಕೈಯಿಂದ ಉಣಿಸಿದರೆ ಸಾಕು. ಗಾರ್ಗೋನಿಯನ್‌ಗಳ ಬಾಯಿ ಚಿಕ್ಕದು, ಅವಕ್ಕೆ ಸಣ್ಣ ತುಣುಕು ಸ್ವಲ್ಪಸ್ವಲ್ಪವಾಗಿ ಹಗಲಿರುಳೂ ಬರುತ್ತಿರಬೇಕು. ಅದಕ್ಕೆ ಒಂದು ಪುಟ್ಟ ಫ್ರಿಜ್, ಅದರೊಳಗೆ ಅರ್ಧ ಲೀಟರಿನ ಬಾಟಲಿ, ಕೆಳಗೆ ಅಯಸ್ಕಾಂತದ ಕಲಕುಯಂತ್ರ, ಹೊರಗೆ ಪೆರಿಸ್ಟಾಲ್ಟಿಕ್ ಪಂಪ್ (ಮೆತ್ತನೆಯ ಕೊಳವೆಯನ್ನು ಹಿಂಡಿ ದ್ರವವನ್ನು ತಳ್ಳುವಂಥದ್ದು). ಬಾಟಲಿಯಲ್ಲಿ ತೊಟ್ಟಿಯ ಉಪ್ಪುನೀರಿಗೆ ರೋಟಿಫರ್ ಎಂಬ ಸೂಕ್ಷ್ಮಜೀವಿ, ಸೈಕ್ಲಾಪ್ಸ್, ನುಣ್ಣಗೆ ಅರೆದ ಮೀನಿನ ಮೊಟ್ಟೆ ಬೆರೆಸಿದ ಗಂಜಿ. ಎರಡು ಗಂಟೆಗೊಮ್ಮೆ 20 ಮಿಲಿ ಹೋಗುತ್ತದೆ, ಪ್ರತಿ ಸಲವೂ ಸಂಪಿನ ಪಂಪ್ ಅರ್ಧ ಗಂಟೆ ನಿಲ್ಲುತ್ತದೆ. ಬಾಟಲಿ ಎರಡು ದಿನಕ್ಕೆ ಬರುತ್ತದೆ, ಅದಕ್ಕಿಂತ ಹೆಚ್ಚು ದಿನ ಇಡುವುದೂ ಬೇಡ, 4 ಡಿಗ್ರಿಯಲ್ಲಿಯೂ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕಲಕುಯಂತ್ರದ ಮೋಟಾರು ಬಿಸಿಯಾಗುವುದರಿಂದ ಅದನ್ನು ಸದಾ ಓಡಿಸದೆ, ಉಣಿಸುವುದಕ್ಕೆ ಎರಡು ನಿಮಿಷ ಮೊದಲು ಮಾತ್ರ ಹೊರಡುವಂತೆ ಟೈಮರಿಗೆ ಸೇರಿಸಿದ್ದೇನೆ.

ಕೊಳವೆಯನ್ನು ಹೊರಗೆ ತರಲು ಫ್ರಿಜ್ಜಿನ ಪಕ್ಕದ ಗೋಡೆಯನ್ನು ಕೊರೆಯಬಾರದು, ತಣ್ಣಗಾಗಿಸುವ ಅನಿಲದ ನಾಳಗಳು ಆ ಗೋಡೆಯೊಳಗೇ ಇರಬಹುದು. ಬಾಗಿಲಿನ ರಬ್ಬರ್ ಪಟ್ಟಿಯಲ್ಲಿ ಒಂದು ಸಣ್ಣ ಕಚ್ಚು ಮಾಡಿ ಅಲ್ಲಿಂದ ಎಳೆದಿದ್ದೇನೆ.

ಈ ಏರ್ಪಾಡಿನಲ್ಲಿ ನಿಜವಾದ ತಲೆನೋವು ಕೊಳವೆಯದೇ. ಒಳವ್ಯಾಸ 3 ಮಿ.ಮೀ. ಇರುವ ಕೊಳವೆ ಮೀಟರಿಗೆ ಸುಮಾರು 7 ಮಿಲಿ ಹಿಡಿಯುತ್ತದೆ. ಫ್ರಿಜ್ಜಿನಿಂದ ತೊಟ್ಟಿಗೆ ಒಂದೂವರೆ ಮೀಟರ್ ಇದ್ದರೆ ಹತ್ತು ಮಿಲಿಗೂ ಹೆಚ್ಚು ಗಂಜಿ, ಅಂದರೆ ಒಂದು ಸಲದ ಉಣಿಸಿನ ಅರ್ಧ, ಎರಡು ಗಂಟೆ ಕಾಲ ಕೋಣೆಯ ಶಾಖದಲ್ಲಿ ನಿಂತಿರುತ್ತದೆ. ವಾರ ಕಳೆಯುವುದರೊಳಗೆ ಕೊಳವೆಯ ಒಳಮೈಗೆ ಕಂದು ಲೋಳೆ ಹಿಡಿದು, ಮೂಗು ಮುಚ್ಚಿಕೊಳ್ಳುವಂಥ ವಾಸನೆ ಬರುತ್ತದೆ. ಲೋಳೆಯ ತುಂಡು ಕಳಚಿಬಂದು ಪಂಪಿನ ಬಾಯಿಗೆ ಅಡ್ಡವಾಗುವುದೂ ಉಂಟು. ಇದಕ್ಕೆ ಮಾಡಿದ ದುರಸ್ತಿ ಸರಳವಾದದ್ದು. ಫ್ರಿಜ್ಜಿನಿಂದ ಹೊರಬಂದ ಕೂಡಲೇ ಕೊಳವೆಗೆ ಮೂರು ಬಾಯಿಯ ಜೋಡಣೆ ಹಾಕಿ, ಸಂಪಿನ ನೀರನ್ನು ತಳ್ಳುವ ಎರಡನೆಯ ಪಂಪನ್ನು ಅದಕ್ಕೆ ಸೇರಿಸಿದೆ. ಮೊದಲ ಪಂಪ್ 20 ಮಿಲಿ ಗಂಜಿಯನ್ನು ಕೊಟ್ಟು ನಿಂತ ಮೇಲೆ ಎರಡನೆಯದು 15 ಮಿಲಿ ಶುದ್ಧ ಉಪ್ಪುನೀರನ್ನು ತಳ್ಳುತ್ತದೆ, ಕೊಳವೆಯಲ್ಲಿ ನಿಂತ ಗಂಜಿಯೆಲ್ಲ ತೊಟ್ಟಿಗೆ ಹೋಗುತ್ತದೆ. ಕೊಳವೆಯ ತುದಿ ನೀರಿಗೆ ತಾಗದೆ ಎರಡು ಬೆರಳು ಮೇಲೆ ನಿಂತಿರಬೇಕು. ಇದಾದ ಮೇಲೆ ಕೊಳವೆಯನ್ನು ಬಿಚ್ಚಿ ತೊಳೆಯುವ ಕೆಲಸ ತಿಂಗಳಿಗೊಮ್ಮೆಗೆ ಇಳಿದಿದೆ.

ಫೈಟೊಪ್ಲಾಂಕ್ಟನ್ನನ್ನು (ತೇಲುವ ಸೂಕ್ಷ್ಮ ಪಾಚಿ) ಎರಡು ಲೀಟರಿನ ಬಾಟಲಿಗಳಲ್ಲಿ ಬೆಳೆಸುತ್ತೇನೆ, ಮುಖ್ಯವಾಗಿ ರೋಟಿಫರ್‌ಗಳ ಹೊಟ್ಟೆ ತುಂಬಿಸಲು. ಬೆಳೆಸುವ ಗೊಬ್ಬರದ ನೀರು ತೊಟ್ಟಿಗೆ ಸೇರಿ ನೈಟ್ರೇಟ್ ಏರುತ್ತದೆಂಬ ಹೆದರಿಕೆ ಹಲವರಲ್ಲಿದೆ. ಎಫ್/2 ಎಂಬ ರೂಢಿಯ ಗೊಬ್ಬರದ ದ್ರಾವಣದಲ್ಲಿ ಲೀಟರಿಗೆ ಸುಮಾರು 55 ಮಿಲಿಗ್ರಾಂ ನೈಟ್ರೇಟ್, ಮೂರೂವರೆ ಮಿಲಿಗ್ರಾಂನಷ್ಟು ಫಾಸ್ಫೇಟ್ ಇರುತ್ತದೆ. ಪಾಚಿ ಒಂದು ಹನಿಯನ್ನೂ ಬಳಸಿಕೊಂಡಿಲ್ಲವೆಂದೇ ಇಟ್ಟುಕೊಂಡರೂ 100 ಮಿಲಿಯಿಂದ 400 ಲೀಟರಿಗೆ ಸೇರುವ ನೈಟ್ರೇಟ್ 0.014 ಪಿಪಿಎಂ. ಮೈಸಿಸ್ ಲೆಕ್ಕದ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಟ್ಯುಬಾಸ್ಟ್ರಿಯಾದ ಊಟ

ಬಂದಾಗ ಈ ಹವಳ ಹಸಿದಿತ್ತು. ಪಾಲಿಪ್‌ಗಳ (ಹವಳದ ಗುಂಪಿನಲ್ಲಿ ಬಾಯಿಯುಳ್ಳ ಒಂದೊಂದು ಜೀವಿ) ನಡುವಿನ ಕಿತ್ತಳೆ ಚರ್ಮ ಹಿಂದೆ ಸರಿದು ಬಿಳಿಯ ಅಸ್ಥಿ ಕಾಣಿಸುತ್ತಿತ್ತು, ಅಲ್ಲಲ್ಲಿ ಅದರ ಮೇಲೆ ಹಸಿರು ನವಿರು ಪಾಚಿ ಹತ್ತಿತ್ತು. ಇಂಥ ಹವಳ ತಾನಾಗಿ ಬಾಯಿ ತೆರೆಯುವುದಿಲ್ಲ. ತೆರೆಯದ್ದರಿಂದ ತಿನ್ನುವುದಿಲ್ಲ, ತಿನ್ನದ್ದರಿಂದ ಇನ್ನಷ್ಟು ಮುದುಡುತ್ತದೆ. ಪಾಚಿಯನ್ನು ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ ತೆಗೆದು, ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಅದರ ಮೇಲೆ ಬೋರಲು ಹಾಕಿ, ಬಾಟಲಿಯ ಬಾಯಿಯಿಂದ ಪಿಪೆಟ್‌ನಲ್ಲಿ ಮೈಸಿಸ್ ಕರಗಿದ ನೀರನ್ನು ನಾಲ್ಕು ಹನಿ ಬಿಟ್ಟೆ. ಹತ್ತು ಹದಿನೈದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಂದೊಂದೇ ಪಾಲಿಪ್ಪಿನ ತುಟಿ ಉಬ್ಬಿ, ಗುಂಡಗಿನ ಅಂಚಿನಿಂದ ಹಳದಿಯ ಮೊನೆಗಳು ಇಣುಕುತ್ತವೆ. ಬಾಯಿಯ ಸುತ್ತಲಿನ ಎಳೆಗಳು ಅರ್ಧ ಹೊರಬಂದಾಗಲೇ ತಿನಿಸು ಹಾಕಿದರೆ ಕೆಲವು ಬೆದರಿ ಮತ್ತೆ ಮುಚ್ಚಿಕೊಳ್ಳುತ್ತವೆ. ಎಳೆಗಳು ಪೂರ್ತಿ ಅರಳಿ ನೀರಿನ ಅಲುಗಾಟಕ್ಕೆ ತೂಗಾಡತೊಡಗಿದ ಮೇಲೆ, ಒಂದೊಂದರ ಮೇಲೆ ಒಂದೊಂದು ಮೈಸಿಸ್ಸನ್ನು ಬಿಡಬೇಕು. ತಾಗಿದ ಎಳೆ ಅಂಟಿಕೊಂಡು ಒಳಕ್ಕೆ ಬಾಗುತ್ತದೆ, ಪಕ್ಕದವೂ ಬಾಗುತ್ತವೆ, ನಡುವಿನ ಸೀಳು ಬಾಯಿ ತುಣುಕಿಗಿಂತ ಅಗಲವಾಗಿ ತೆರೆದುಕೊಳ್ಳುತ್ತದೆ. ಮೈಸಿಸ್ಸಿನ ಬಾಲ ಕಣ್ಮರೆಯಾಗಲು ಕೆಲವೊಮ್ಮೆ ಐದಾರು ನಿಮಿಷ ಹಿಡಿಯುತ್ತದೆ.

ಬಾಟಲಿ ಮುಚ್ಚಿರುವುದಕ್ಕೆ ಇನ್ನೊಂದು ಕಾರಣ ಸೀಗಡಿಗಳು. ನುಂಗುತ್ತಿರುವ ಪಾಲಿಪ್ಪಿನ ಬಾಯೊಳಗೆ ಕಾಲು ಹಾಕಿ ತುತ್ತನ್ನು ಕಿತ್ತುಕೊಂಡು ಹೋಗುವುದರಲ್ಲಿ ಅವಕ್ಕೆ ಯಾವ ಸಂಕೋಚವೂ ಇಲ್ಲ. ಊಟವಾದ ಅರ್ಧ ಗಂಟೆಯ ಮೇಲೆ, ಬಾಟಲಿಯನ್ನು ಎತ್ತುವ ಮುನ್ನ, ಒಳಗೆ ಉಳಿದ ತುಣುಕುಗಳನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯುತ್ತೇನೆ. ಮೊದಮೊದಲು ಉಳಿದದ್ದೇ ಹೆಚ್ಚು. ದಿನವೂ ಅದೇ ಹೊತ್ತಿಗೆ ಉಣಿಸುತ್ತ ಬಂದರೆ ಹವಳ ಆ ಹೊತ್ತಿಗೆ ಹನಿ ಬೀಳುವ ಮೊದಲೇ ಅರಳತೊಡಗುತ್ತದೆ, ಬಾಟಲಿಯೂ ಬೇಡವಾಗುತ್ತದೆ. ಈಗ ಪಾಲಿಪ್‌ಗಳ ನಡುವಿನ ಚರ್ಮ ಪೂರ್ತಿ ಕೂಡಿಕೊಂಡಿದೆ, ಬುಡದ ಸುತ್ತ ಬಂಡೆಯ ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಮರಿ ಪಾಲಿಪ್‌ಗಳು ಕಾಣಿಸಿಕೊಂಡಿವೆ. ಅಂಟಿಕೊಳ್ಳುವ ಮರಿಗಳನ್ನು ಹೀಗೆ ಸುಲಭವಾಗಿ ಬಿಡುವ ಗುಣದಿಂದಲೇ ಟ್ಯುಬಾಸ್ಟ್ರಿಯಾ ಕಾಕ್ಸಿನಿಯಾ ತನ್ನದಲ್ಲದ ಅಟ್ಲಾಂಟಿಕ್ ಸಾಗರಕ್ಕೆ ಹೋಗಿ ಕೆರಿಬಿಯನ್‌ನಿಂದ ಬ್ರೆಜಿಲ್‌ವರೆಗೆ ಹಬ್ಬಿದೆ. ತೊಟ್ಟಿಯ ಯಾವ ತುಣುಕನ್ನೂ ಕಡಲಿಗೆ ಬಿಡಬಾರದೆನ್ನುವುದು ಇಂಥ ಕಾರಣಕ್ಕೆ.

ಡೆಂಡ್ರೊನೆಫ್ತಿಯಾ ಎಂಬ ಮೆತ್ತನೆಯ ಹವಳವನ್ನು ತರಲಿಲ್ಲ. ಬಣ್ಣದಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ಆದರೆ ಕೆಂಪು ಸಮುದ್ರದ ಡೆಂಡ್ರೊನೆಫ್ತಿಯಾ ಹೆಂಪ್ರಿಚಿ ಮುಖ್ಯವಾಗಿ ಫೈಟೊಪ್ಲಾಂಕ್ಟನ್ನನ್ನೇ ತಿಂದು ಬದುಕುತ್ತದೆಂದು ಫ್ಯಾಬ್ರಿಶಿಯಸ್, ಬೆನಯಾಹು ಮತ್ತು ಗೆನಿನ್ 1995ರಲ್ಲಿ ತೋರಿಸಿದ ಮೇಲೆ, ಅದಕ್ಕೆ ಬೇಕಾದದ್ದು ಕೆಲವೇ ಮೈಕ್ರಾನ್ ಗಾತ್ರದ ಜೀವಂತ ಕಣಗಳ ಎಡೆಬಿಡದ ಹರಿವು ಎನ್ನುವುದು ಸ್ಪಷ್ಟ. ಎರಡು ಗಂಟೆಗೊಮ್ಮೆ ಬರುವ ಗಂಜಿ ಅದಕ್ಕೆ ಊಟವಲ್ಲ.

ಹೊರಹಾಕುವ ಕೆಲಸ

ಸೋಸುಚೀಲ ಮತ್ತು ಸ್ಕಿಮ್ಮರ್ ಕರಗದೆ ಉಳಿದದ್ದನ್ನು ತೆಗೆಯುತ್ತವೆ. ಕರಗಿದ್ದಕ್ಕೆ ಮೂರು ದಾರಿಗಳನ್ನು ಇಟ್ಟಿದ್ದೇನೆ. ಸಂಪಿನ ಒಂದು ಕೋಣೆಯಲ್ಲಿ ಕೀಟೊಮಾರ್ಫಾ ಪಾಚಿ ಇದೆ, ಅದರ ದೀಪ ರಾತ್ರಿ ಉರಿಯುತ್ತದೆ. ಮುಖ್ಯ ತೊಟ್ಟಿಯ ದೀಪ ಆರಿದಾಗ ಎಲ್ಲ ಜೀವಿಗಳ ಉಸಿರಿನಿಂದ ಏರುವ ಇಂಗಾಲದ ಡೈಆಕ್ಸೈಡನ್ನು ಇದು ಹೀರಿಕೊಳ್ಳುವುದರಿಂದ ಪಿಎಚ್ ರಾತ್ರಿ 7.9ಕ್ಕಿಂತ ಕೆಳಗೆ ಇಳಿಯುವುದಿಲ್ಲ. ವಾರಕ್ಕೊಮ್ಮೆ ಪಾಚಿಯ ಮೂರನೆಯ ಒಂದು ಭಾಗವನ್ನು ಕಿತ್ತು ಹೊರಗೆ ಹಾಕುತ್ತೇನೆ. ಕೀಳದೆ ಬಿಟ್ಟರೆ ಉಂಡೆಯ ಒಳಭಾಗಕ್ಕೆ ಬೆಳಕು ಸಿಗದೆ ಅದು ಕೊಳೆತು, ಹೀರಿದ್ದನ್ನೆಲ್ಲ ಮತ್ತೆ ನೀರಿಗೇ ಕೊಡುತ್ತದೆ.

ಎರಡನೆಯದು ವಿನೆಗರ್. ಶೇಕಡಾ 5ರ ಅಸಿಟಿಕ್ ಆಮ್ಲದಲ್ಲಿರುವ ಇಂಗಾಲವನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ನೀರಿನ ಸಾರಜನಕ ಮತ್ತು ರಂಜಕವನ್ನು ಮೈಗೆ ಸೇರಿಸಿಕೊಳ್ಳುತ್ತದೆ, ಅದನ್ನು ಸ್ಕಿಮ್ಮರ್ ನೊರೆಯಲ್ಲಿ ಎತ್ತಿಹಾಕುತ್ತದೆ, ಸ್ವಲ್ಪವನ್ನು ಸ್ಪಂಜುಗಳು ಸೋಸಿ ತಿನ್ನುತ್ತವೆ. ದಿನಕ್ಕೆ 5 ಮಿಲಿಯಿಂದ ಆರಂಭಿಸಿ ವಾರಕ್ಕೆ 5 ಮಿಲಿಯಂತೆ ಏರಿಸುತ್ತ 40 ಮಿಲಿಗೆ ನಿಲ್ಲಿಸಿದೆ. ಇದನ್ನು ಅವಸರದಲ್ಲಿ ಏರಿಸಿದರೆ ನೀರು ಹಾಲಿನಂತೆ ಬೆಳ್ಳಗಾಗಿ ಆಮ್ಲಜನಕ ಕುಸಿಯುತ್ತದೆ, ಮೀನುಗಳು ಮೇಲೆ ಬಂದು ಏದುಸಿರು ಬಿಡುತ್ತವೆ. ಅದಕ್ಕಾಗಿಯೇ ದಿನದ ಮೊತ್ತವನ್ನು ಹಗಲಿನಲ್ಲಿ, ಮುಖ್ಯ ದೀಪ ಉರಿಯುತ್ತಿರುವಾಗ, ಹಲವು ಕಂತುಗಳಲ್ಲಿ ಹನಿಸಬೇಕು. ವಿನೆಗರ್ ಬೀಳುವ ಜಾಗದಲ್ಲಿ ಬಿಳಿ ಲೋಳೆಯ ಎಳೆಗಳು ಕಾಣಿಸಿದರೆ ಮುಂದಿನ ವಾರ ಏರಿಸುವುದನ್ನು ಬಿಟ್ಟುಬಿಡುತ್ತೇನೆ.

ಮೊದಲಿಗೆ ಎರಡೂ ಅಂಕಿಗಳು ಏರಿದವು. ಜೋಡಿಸುವ ಮುನ್ನ ನೈಟ್ರೇಟ್ 4, ಫಾಸ್ಫೇಟ್ 0.05 ಇದ್ದದ್ದು, ಬ್ಯಾಕ್ಟೀರಿಯಾ ಮತ್ತು ಪಾಚಿ ಹೊಸ ಹೊರೆಗೆ ಹೊಂದಿಕೊಳ್ಳುವ ಹೊತ್ತಿಗೆ 18 ಮತ್ತು 0.22ಕ್ಕೆ ಹೋಗಿ ಮುಟ್ಟಿದ್ದವು. ಆಮೇಲೆ ನೈಟ್ರೇಟ್ ಇಳಿಯತೊಡಗಿ 8ರಲ್ಲಿ ನಿಂತಿತು. ಫಾಸ್ಫೇಟ್ 0.16ರಿಂದ ಕೆಳಗೆ ಬರಲಿಲ್ಲ. ಕಾಗದದ ಲೆಕ್ಕ ಹೇಳಿದ್ದೂ ಇದನ್ನೇ: ಪಾಚಿಯೂ ಬಂಡೆಯೂ ಸಾರಜನಕದ ಕಡೆಗೇ ವಾಲುತ್ತವೆ.

ಹೆಪ್ಪು ಕರಗಿದ ನೀರನ್ನು ಚೆಲ್ಲಿ ತಿನಿಸನ್ನು ತೊಳೆದು ಹಾಕಿದರೆ ಫಾಸ್ಫೇಟ್ ತಗ್ಗುತ್ತದೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ರಂಜಕದ ಹೆಚ್ಚಿನ ಪಾಲು ಮಾಂಸದೊಳಗೇ ಇರುವುದರಿಂದ ತೊಳೆದು ಹೋಗುವುದು ಸ್ವಲ್ಪ, ಮತ್ತು ಆ ನೀರಿನಲ್ಲಿರುವ ಸಣ್ಣ ಚೂರುಗಳೇ ಮೆನೆಲ್ಲಾದ ಊಟ. ಆದ್ದರಿಂದ ಮೂರನೆಯ ದಾರಿಯಾಗಿ ಕಬ್ಬಿಣದ ಆಕ್ಸೈಡಿನ ಹರಳುಗಳನ್ನು ಇಟ್ಟೆ. ಹರಳುಗಳ ಮೇಲ್ಮೈಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಒಮ್ಮೆಲೇ ಹೆಚ್ಚು ಹಾಕಿದರೆ ಮಟ್ಟ ಥಟ್ಟನೆ ಬಿದ್ದು ಗಟ್ಟಿ ಹವಳಗಳ ತುದಿ ಸುಡುವುದರಿಂದ 50 ಗ್ರಾಂ ಮಾತ್ರ ಹಾಕಿ, ಕೆಂಪು ದೂಳು ಬಿಡುವುದು ನಿಲ್ಲುವವರೆಗೂ ತೊಳೆದು, ಹರಳುಗಳು ಮೇಲ್ಪದರದಲ್ಲಿ ಮೆಲ್ಲಗೆ ಕದಲುವಷ್ಟೇ ನೀರು ಹರಿಸುತ್ತೇನೆ. ಇದನ್ನು ಯಾವಾಗ ಬದಲಿಸಬೇಕೆಂದು ದಿನ ಎಣಿಸಬೇಕಾಗಿಲ್ಲ. ಒಳಹೋಗುವ ನೀರನ್ನೂ ಹೊರಬರುವ ನೀರನ್ನೂ ಒಂದೇ ಹೊತ್ತಿಗೆ ಅಳೆದು ನೋಡಿದರೆ, ಎರಡೂ ಒಂದೇ ಅಂಕಿ ತೋರಿಸಿದಾಗ ಹರಳು ಮುಗಿದಿದೆ ಎಂದರ್ಥ. ಕೆಲವು ಅಳತೆ ಯಂತ್ರಗಳು ಫಾಸ್ಫೇಟಿನ ಬದಲು ರಂಜಕವನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದ ಒಂದು ಪಾಲು) ತೋರಿಸುತ್ತವೆ. ಅದನ್ನು 3.07ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ ಸಿಗುತ್ತದೆ. 33 ಪಿಪಿಬಿ ಎಂದರೆ 0.10.

ಮೊದಲ ಕಂತಿನ ಹರಳುಗಳು ಮುಗಿಯುವ ಹೊತ್ತಿಗೆ ಫಾಸ್ಫೇಟ್ 0.08ಕ್ಕೆ ಇಳಿದು, ಹರಳಿಲ್ಲದ ಕೆಲವೇ ದಿನಗಳಲ್ಲಿ 0.12ಕ್ಕೆ ಮರಳಿತು. ತಿನಿಸಿನ ಜೊತೆಗೆ ಇದರಲ್ಲಿ ಬಂಡೆಯ ಪಾಲೂ ಇದೆ: ಸುಣ್ಣದ ಬಂಡೆ ಹೆಚ್ಚಿದ್ದಾಗ ಫಾಸ್ಫೇಟನ್ನು ಮೈಗೆ ಹಿಡಿದುಕೊಂಡಿದ್ದು, ನೀರಿನಲ್ಲಿ ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಎರಡನೆಯ ಕಂತಿನ ಕೊನೆಗೆ ಮರಳಿದ್ದು 0.10ಕ್ಕೆ ಮಾತ್ರ. ಮೂರನೆಯ ಕಂತು ಈಗ ನಡೆಯುತ್ತಿದ್ದು, ಮಟ್ಟ 0.07ರ ಆಸುಪಾಸಿನಲ್ಲಿದೆ, ನೈಟ್ರೇಟ್ 8. ಹೊರಬರುವ ನೀರು ಇನ್ನೂ ಒಳಹೋಗುವುದಕ್ಕಿಂತ ಕೆಳಗಿನ ಅಂಕಿಯನ್ನೇ ತೋರಿಸುತ್ತಿರುವುದರಿಂದ, ಈ ವಾರದಿಂದ ಗಾರ್ಗೋನಿಯನ್‌ಗಳ ಗಂಜಿಯನ್ನು ಪ್ರತಿ ಸಲಕ್ಕೆ 20ರಿಂದ 25 ಮಿಲಿಗೆ ಏರಿಸಿ, ಬಾಟಲಿಯನ್ನು ಮುಕ್ಕಾಲು ಲೀಟರಿನದಕ್ಕೆ ಬದಲಿಸಿದ್ದೇನೆ, ಫಾಸ್ಫೇಟ್ 0.10 ದಾಟಿದರೆ ಹರಳನ್ನು 50ರಿಂದ 70 ಗ್ರಾಂಗೆ ಏರಿಸುವುದು, ಗಂಜಿಯನ್ನು ಇಳಿಸದಿರುವುದು ಎಂದು ತೊಟ್ಟಿಯ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.